ಗೋಡೆಯಾಚೆ ಬಿದ್ದದ್ದೆಲ್ಲ ಗೊಬ್ಬರ

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಸ್ವಲ್ಪ. ಗಟ್ಟಿಯಾಗಿ ಹೇಳೋ ಮಾತಲ್ಲ ಇದು. ನಿಮ್ಮ ಮನೆದೇವರ ಆಣೆ, ಓದಿ ಇಲ್ಲೇ ಬಿಡಬೇಕು, ಇನ್ನೊಬ್ಬರ ಕಿವಿಗೆ ಹಾಕಬಾರದು. ನಾನೂ ಯಾರ ಹತ್ತಿರಾನೂ ಬಾಯಿ ಬಿಟ್ಟಿಲ್ಲ. ನಲ್ಲಿ ಹತ್ತಿರ ಕೊಡ ಇಟ್ಟಿದ್ದ ನಾಲ್ಕು ಜನಕ್ಕೆ ಹೇಳಿದೆ, ಹಾಲಿನ ಡೈರಿ ಸಾಲಲ್ಲಿ ನಿಂತಿದ್ದವರಿಗೆ ಹೇಳಿದೆ, ಪಾವಗಡದ ಬಸ್ಸಲ್ಲಿ ಪಕ್ಕ ಕೂತಿದ್ದವಳಿಗೆ ಹೇಳಿದೆ. ಅವಳಂತೂ ನಮ್ಮೂರಿನವಳೇ ಅಲ್ಲ, ಲೆಕ್ಕಕ್ಕಿಲ್ಲ. ಅಷ್ಟು ಬಿಟ್ಟರೆ ನೀವೇ ಮೊದಲು.

ಮಧುಗಿರಿ ಬೆಟ್ಟದ ಬುಡದಲ್ಲಿ ನಮ್ಮ ಬೀದಿ. ಬೇರೆ ಬೀದಿಗಳಲ್ಲಿ ಹಬ್ಬಕ್ಕೊಂದು ಹುಣ್ಣಿಮೆಗೊಂದು ಏನಾದರೂ ನಡೆದರೆ ಹೆಚ್ಚು. ನಮ್ಮಲ್ಲಿ ದಿನ ಬೆಳಗಾದರೆ ಒಂದಲ್ಲ ಒಂದು. ನಾನೇನೂ ಹುಡುಕಿಕೊಂಡು ಹೋಗೋಳಲ್ಲ. ಎಲೆ ಅಡಿಕೆ ಹಾಕ್ಕೊಂಡು ಜಗಲಿ ಮೇಲೆ ಕೂತಿರ್ತೀನಿ, ಅವೇ ನಡ್ಕೊಂಡು ಬರ್ತವೆ. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಜೋಡಿಸಿ ಬರೀತಾ ಇದ್ದೀನಿ, ಕಾಗುಣಿತ ತಪ್ಪಿದ್ದರೆ ನೀವೇ ಒಪ್ಪ ಮಾಡಿಕೊಳ್ಳಿ. ಸುದ್ದಿ ಮಾತ್ರ ತಪ್ಪಿಲ್ಲ.

ಪಕ್ಕದ ಮನೆಯವಳು ಬ್ಲೌಸು ಹೊಲಿಯೋಳು. ಅವಳಿಗೊಬ್ಬಳು ಮಗಳು, ಡಿಗ್ರಿ ಮುಗಿಸಿದವಳು. ಅವರ ಹಿತ್ತಲಲ್ಲಿ ಹಿಂದೆ ರೇಷ್ಮೆ ಸಾಕ್ತಿದ್ದ ಹುಳದ ಮನೆ ಖಾಲಿ ಬಿದ್ದಿತ್ತು. ಅದು ಆ ಹುಡುಗಿಯ ದೊಡ್ಡಪ್ಪನ ಪಾಲಿನದು. ಅವನಿರೋದು ಕೊರಟಗೆರೆಯಲ್ಲಿ. ಈ ಹುಡುಗಿ ಅವನ ಕೈಕಾಲು ಹಿಡಿದು, ಊರಿನ ಕಸ ತಂದು ಅದರಲ್ಲಿ ಗಿಡಕ್ಕೆ ಬೇಕಾದ ಗೊಬ್ಬರ, ಕುಂಡ, ಚೀಲ ಎಲ್ಲಾ ಮಾಡ್ತೀನಿ, ಹುಳದ ಮನೆ ಕೊಡು ಅಂದಳು. ದಸರಾ ಹಬ್ಬಕ್ಕೆ ಬಂದಿದ್ದವನು ಬೀಗದ ಕೈ ಕೊಟ್ಟ. ಕೊಡುವಾಗ ಒಂದು ಮಾತು ಹೇಳಿದ:

"ಯುಗಾದಿ ಗಂಟ ಮಾಡ್ಕೊ. ಅಷ್ಟರೊಳಗೆ ಬೀದಿಯೋರು ಯಾರಾದ್ರೂ ಒಬ್ಬರು ನಾತ ಅಂತ, ಗಲೀಜು ಅಂತ ನಂಗೆ ದೂರು ಹೇಳಿದ್ರೋ, ಬೀಗ ಜಡಿದುಬುಡ್ತೀನಿ. ಆಮೇಲೆ ತೆಪ್ಪಗೆ ಗಾರ್ಮೆಂಟ್ಸ್ ಬಸ್ಸು ಹತ್ತಬೇಕು. ಒಂದೇ ದೂರು. ಎರಡನೇದಕ್ಕೆ ಕಾಯಕಿಲ್ಲ."

ಗೋಡೆಗೆ ಕಿವಿ ಕೊಟ್ಟು ಕೇಳಿಸಿಕೊಂಡೆ ಅಂದುಕೋಬೇಡಿ. ನನ್ನ ಕಿವಿ ಇದ್ದ ಕಡೆ ಗೋಡೆ ಇತ್ತು, ಅಷ್ಟೇ.

ಆ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ. ಕಸದ ಆಟೋದವನು ಹಸಿ ಕಸ ಬೇರೆ, ಒಣ ಕಸ ಬೇರೆ ಕೊಡಿ ಅಂತ ದಿನಾ ಹಾಡು ಹಾಕ್ಕೊಂಡು ಬರ್ತಾನೆ. ಈ ವಯಸ್ಸಲ್ಲಿ ಕಸ ವಿಂಗಡಿಸಿಕೊಂಡು ಕೂರೋಕಾಗುತ್ತಾ? ನಾನು ಅವತ್ತಿನ ಸಿಪ್ಪೆ ಸೆದೆ ಪೇಪರಲ್ಲಿ ಸುತ್ತಿ ಗೋಡೆ ಆಚೆ ಬಿಡ್ತೀನಿ. ಸೊಸೆಯಾಗಿ ಬಂದಾಗಿಂದ ಬಿಡ್ತಾ ಇದ್ದೀನಿ. ಅದಿರಲಿ.

೧. ಕಟಿಂಗ್ ಶಾಪಿನ ಮೂಟೆ

ಆ ಹುಡುಗಿ ಕೆಲಸ ಶುರು ಮಾಡಿ ಎಂಟು ದಿವಸ ಆಗಿರಲಿಲ್ಲ, ಬೆಳಗ್ಗೆ ಬೆಳಗ್ಗೆ ಬಸ್ ಸ್ಟ್ಯಾಂಡ್ ಹತ್ತಿರದ ಕಟಿಂಗ್ ಶಾಪಿಗೆ ಹೋಗೋದು, ಹತ್ತು ನಿಮಿಷಕ್ಕೆ ನಗ್ತಾ ಬರೋದು. ಗಂಡಸರ ಕಟಿಂಗ್ ಶಾಪು. ಅಲ್ಲಿ ಹೊಸದಾಗಿ ಸೇರಿದ ಹುಡುಗ ಬೇರೆ, ತಲೆ ಕೂದಲಿಗೆ ಕೆಂಪು ಬಣ್ಣ ಹಾಕಿಸಿಕೊಂಡವನು. ನನಗೆ ಇಷ್ಟು ಸಾಕು. ನಾಲ್ಕನೇ ದಿವಸ ಪಕ್ಕದವಳ ಹೊಲಿಗೆ ಮಿಷನ್ನಿನ ಹತ್ತಿರ ಹೋಗಿ ಕೂತೆ.

"ಅಲ್ಲಾ ಕಣೇ, ನನಗ್ಯಾಕೆ ಬುಡು. ಆದ್ರೂ ಹೆಣ್ಣು ಹೆತ್ತೋಳು ನೀನು. ಕಟಿಂಗ್ ಶಾಪಿನ ಕಡೆ ಒಂದು ಕಣ್ಣಿಟ್ಟಿರು" ಅಂದೆ.

ಅವಳ ಕಾಲು ಮಿಷನ್ ಮೇಲೇ ನಿಂತುಬಿಡ್ತು. ಮಗಳು ಬರೋವರೆಗೂ ಇಬ್ಬರೂ ಬಾಗಿಲಲ್ಲೇ ಕಾದೆವು. ಬಂದಳು. ಹೆಗಲ ಮೇಲೆ ಒಂದು ಮೂಟೆ.

"ಏನೇ ಅದು? ಅವನು ಕೊಟ್ಟಿದ್ದಾ?" ಅಂತ ಅವ್ವ ಕೇಳಿದಳು.

"ಹೂಂ, ಅವನೇ ಕೊಟ್ಟ. ದಿನಾ ನನಗೇ ಅಂತ ಎತ್ತಿಟ್ಟಿರ್ತಾನೆ" ಅಂದಳು ಹುಡುಗಿ. ನಾನು ಎದೆ ಮೇಲೆ ಕೈ ಇಟ್ಟುಕೊಂಡೆ, ಸಂತೋಷಕ್ಕೆ. ಮೂಟೆ ಬಿಚ್ಚಿದಳು. ತುಂಬ ಕೂದಲು! ಕರೀದು, ಬಿಳೀದು, ಡೈ ಹಾಕಿದ್ದು.

"ಗುಂಡೀಲಿ ತರಕಾರಿ ಸಿಪ್ಪೆ ಜೊತೆ ಪದರ ಪದರ ಹಾಕಿದ್ರೆ ನಿಧಾನಕ್ಕೆ ಕೊಳ್ತು ಒಳ್ಳೆ ಗೊಬ್ಬರ ಆಗುತ್ತೆ ಅಜ್ಜಿ. ಕೂದಲಲ್ಲಿ ತುಂಬಾ ಸತ್ವ ಐತೆ."

ಪ್ರೀತಿ ಪ್ರಕರಣ ಕೈ ತಪ್ಪಿ ಹೋಯ್ತಲ್ಲ ಅಂತ ನನಗೆ ಹೊಟ್ಟೆ ಉರಿ. ಏನಾದರೂ ಸಿಗಲಿ ಅಂತ, "ಇದರಲ್ಲಿ ನಮ್ಮ ವಾರ್ಡ್ ಮೆಂಬರಂದೂ ಐತಾ?" ಅಂತ ಕೇಳಿದೆ.

"ಅವರೂ ತಿಂಗಳು ತಿಂಗಳು ಬರ್ತಾರೆ ಅಜ್ಜಿ. ಆದ್ರೆ ಅವರ ತಲೇಲಿ ಗೊಬ್ಬರಕ್ಕಾಗೋ ಅಷ್ಟೂ ಏನೂ ಇಲ್ಲ."

೨. ಅಮಾವಾಸ್ಯೆ ಕುಂಬಳಕಾಯಿ

ಕೂದಲು ನೋಡಿದ ಮೇಲೂ ನಾನು ಸುಮ್ಮನೆ ಇದ್ದೆ. ಸತ್ಯವಾಗಲೂ ಸುಮ್ಮನಿದ್ದೆ. ದೀಪಾವಳಿ ಅಮಾವಾಸ್ಯೆ ಬರಬೇಕಾ?

ನಮ್ಮ ಕಡೆ ಅಮಾವಾಸ್ಯೆ ಅಂದರೆ ಗೊತ್ತಲ್ಲ. ಅಂಗಡಿಯವರೆಲ್ಲ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ, ಕರ್ಪೂರ ಹಚ್ಚಿ, ದೃಷ್ಟಿ ತೆಗೆದು ರಸ್ತೆಗೆ ಒಡೀತಾರೆ. ಮೂರು ದಾರಿ ಕೂಡೋ ಕಡೆ ನಿಂಬೆಹಣ್ಣು ಕುಯ್ದು ಹಾಕಿರ್ತಾರೆ. ಅದನ್ನ ಯಾರೂ ದಾಟಲ್ಲ. ನಾಯಿ ಸುದ್ದಾ ಸುತ್ತಿಕೊಂಡು ಹೋಗುತ್ತೆ. ಮಾರನೇ ಬೆಳಗ್ಗೆ ನಾನು ಹಾಲಿಗೆ ಹೋಗ್ತಾ ನೋಡ್ತೀನಿ, ಈ ಹುಡುಗಿ ಬರಿಗೈಲಿ ಆ ಕುಂಬಳಕಾಯಿ ಹೋಳು ಎತ್ತಿ ಎತ್ತಿ ಬುಟ್ಟಿಗೆ ಹಾಕ್ತಾ ಇದ್ದಾಳೆ! ಜೊತೆಗೆ ಇನ್ನಿಬ್ಬರು. ಒಬ್ಬ ಶಿರಾ ಹುಡುಗ, ಎಣ್ಣೆ ಮಿಲ್ಲಿಂದ ಕಡ್ಲೆಕಾಯಿ ಸಿಪ್ಪೆ ಮೂಟೆ ಸ್ಕೂಟರಿಗೆ ಕಟ್ಟಿಕೊಂಡು ತರೋನು. ಇನ್ನೊಬ್ಬಳು ಪಾವಗಡದ ಹುಡುಗಿ, ಮಾತಿನಲ್ಲಿ ಅರ್ಧ ತೆಲುಗು. ಮೂವರೂ ಕಾಲೇಜಿನಲ್ಲಿ ಒಂದೇ ಬೆಂಚಿನವರಂತೆ.

"ಲೇ ಮಗಾ, ಮುಟ್ಟಬ್ಯಾಡ! ದಿಷ್ಟಿ ತಗದಿದ್ದು ಕಣ್ರೋ ಅದು!" ಅಂತ ಕೂಗಿದೆ.

"ಏಮ್ ಕಾದು ಅವ್ವಾ, ಏನೂ ಆಗಲ್ಲ" ಅಂದಳು ಪಾವಗಡದವಳು. "ಮಣ್ಣಿಗೆ ಯಾವ ದಿಷ್ಟಿ ತಗಲುತ್ತೆ?"

"ಫಿಕರ್ ನಕ್ಕೋ, ಚಿಂತೆ ಬ್ಯಾಡ ಅಜ್ಜಿ" ಅಂದ ಶಿರಾ ಹುಡುಗ. "ಎಲ್ಲಾ ಗುಂಡಿಗೆ."

ಅಷ್ಟರಲ್ಲಿ ಸಿಮೆಂಟ್ ಅಂಗಡಿಯವನು ಓಡಿ ಬಂದ. "ಯಾರನ್ನ ಕೇಳಿ ಎತ್ತುತಾ ಇದ್ದೀರಾ? ಅದು ನನ್ನ ದೃಷ್ಟಿ! ಇನ್ನೂ ಎಳೇ ವ್ಯಾಪಾರ ನಂದು. ನೀವು ತಗೊಂಡೋದ್ರೆ ಅದು ಎಲ್ಲಿಗೆ ಹೋಗುತ್ತೆ?" ಅಂತ ಅಳೋ ಹಾಗೆ ಕೇಳಿದ. ಹುಡುಗಿ ಹಿತ್ತಲ ಕಡೆ ಕೈ ತೋರಿಸಿ, "ಬದನೆ ಗಿಡಕ್ಕೆ" ಅಂದಳು.

ಅವತ್ತಿಂದ ನಾನು ನಲ್ಲಿ ಹತ್ತಿರ ಸ್ವಲ್ಪ ಬಾಯಿ ಬಿಟ್ಟೆ. ಇಲ್ಲದ್ದೇನೂ ಹೇಳಲಿಲ್ಲ. "ಕೂದಲು ತಂದ್ರು, ನಿಂಬೆಹಣ್ಣು ತಂದ್ರು, ಕುಂಬಳಕಾಯಿ ತಂದ್ರು. ನಾನೇನೂ ಅನ್ನಲ್ಲ, ನೀವೇ ಕೂಡಿಸ್ಕೊಳ್ಳಿ" ಅಂದೆ. ಕೂಡಿಸ್ಕೊಂಡರು. ಸಂಜೆ ಹೊತ್ತಿಗೆ ಬೀದೀಲೆಲ್ಲ 'ಮಾಟ' ಅನ್ನೋ ಮಾತು ಓಡಾಡ್ತು. ನನ್ನ ಬಾಯಿಂದ ಆ ಮಾತೇ ಬಂದಿಲ್ಲ, ನೋಡಿ.

ಆಮೇಲೆ ಏನಾಯ್ತು ಅಂತೀರಾ? ಗುಂಡಿ ಪಕ್ಕ ಬಿದ್ದ ಬೀಜ ತಾನೇ ಹುಟ್ಟಿ, ಬಳ್ಳಿ ಹಬ್ಬಿ, ಹುಳದ ಮನೆ ಸೂರಿನ ಮೇಲೆಲ್ಲ ಕುಂಬಳಕಾಯಿ. ಶಿವರಾತ್ರಿ ಅಮಾವಾಸ್ಯೆಗೆ ಪೇಟೇಲಿ ಕಾಯಿ ಸಿಗದೆ ಆ ಸಿಮೆಂಟ್ ಅಂಗಡಿಯವನೇ ಬಂದು ದೊಡ್ಡದೊಂದು ಆರಿಸಿ ತಗೊಂಡು ಹೋದ. ತನ್ನ ದೃಷ್ಟಿ ತಾನೇ ಹೊತ್ತುಕೊಂಡು ಹೋಗಿ, ತನ್ನ ಅಂಗಡಿ ಮುಂದೆ ಇನ್ನೊಂದು ಸಲ ಒಡೆದ.

೩. ಶನಿವಾರದ ರಂಗೋಲಿ

ಇದು ನನ್ನ ಮೇಲೇ ಬಂದಿದ್ದು. ಆದರೂ ಹೇಳಿಬಿಡ್ತೀನಿ. ನನ್ನ ವಿಷಯ ಬೇರೆಯವರ ಬಾಯಲ್ಲಿ ಕೇಳೋದಕ್ಕಿಂತ ನಾನೇ ಹೇಳಿದರೆ ಸ್ವಲ್ಪ ಮರ್ಯಾದೆಯಾಗಿ ಹೇಳ್ಕೋಬಹುದು.

ಪಕ್ಕದವರ ತಾರಸಿ ಮೇಲೆ ಒಂದು ಹಳೇ ಸೀರೆ ಹಾಸಿ, ಬೆಳ್ಳಗೆ ನುಣ್ಣಗೆ ಪುಡಿ ಒಣಗಹಾಕಿದ್ದರು. ಎಂಥ ಪುಡಿ ಅಂತೀರಿ! ನಮ್ಮ ಬೀದೀಲಿ ಮಾರಿಕೊಂಡು ಬರೋನ ರಂಗೋಲಿ ಪುಡಿ ಅದರ ಮುಂದೆ ಮರಳು. ಧನುರ್ಮಾಸ ಬೇರೆ, ದಿನಾ ದೊಡ್ಡ ರಂಗೋಲಿ ಬಿಡಬೇಕು. ಎರಡು ಬೊಗಸೆ ತಗೊಂಡರೆ ಇವರ ಗಂಟೇನು ಹೋಗುತ್ತೆ ಅಂತ ಸೆರಗಿಗೆ ಹಾಕ್ಕೊಂಡು ಬಂದೆ. ಶನಿವಾರ ಬೆಳಗ್ಗೆ ಬಾಗಿಲಿಗೆ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಇಟ್ಟೆ. ಉಳಿದಿದ್ದರಲ್ಲಿ ದೇವರ ಮನೇಲಿ ಶಂಖ, ಚಕ್ರ, ಮಧ್ಯ ನಾಮ. ನಮ್ಮದು ತಿಮ್ಮಪ್ಪನ ಒಕ್ಕಲು. ಶನಿವಾರ ನಮ್ಮ ಮನೇಲಿ ಮೊಟ್ಟೆ ಅನ್ನೋ ಮಾತೂ ಆಡಲ್ಲ.

ಸ್ನಾನ ಮಾಡಿ ಬರೋದರೊಳಗೆ ಬೀದಿ ಕೋಳಿಗಳೆಲ್ಲ ನಮ್ಮ ಬಾಗಿಲಲ್ಲಿ! ಸಾಲಾಗಿ ನಿಂತು ಚುಕ್ಕಿಯಿಂದ ಚುಕ್ಕಿಗೆ ರಂಗೋಲಿ ಕುಕ್ತಾ ಇವೆ. "ಇಶ್! ಇಶ್!" ಅಂದರೂ ಹೋಗಲ್ಲ. ಒಂದು ಹುಂಜ ಒಳಗೇ ನುಗ್ಗಿ ದೇವರ ಮನೆ ಹೊಸಲಿನವರೆಗೂ ಬಂತು. ಪೊರಕೆ ಹಿಡ್ಕೊಂಡು ನಾನು ಕುಣೀತಾ ಇದ್ದರೆ ಪಕ್ಕದ ಹುಡುಗಿ ಓಡಿ ಬಂದಳು. ರಂಗೋಲಿ ನೋಡಿದಳು, ಕೋಳಿ ನೋಡಿದಳು, ನನ್ನ ನೋಡಿದಳು.

"ಅಜ್ಜಿ, ಈ ಪುಡಿ ಎಲ್ಲಿಂದ ತಂದ್ರಿ?"

"ಅಂಗಡಿಯಿಂದ."

"ಯಾವ ಅಂಗಡಿ?"

"ನಿಮ್ಮ ತಾರಸಿ" ಅಂದೆ. ಶನಿವಾರ ಸುಳ್ಳು ಹೇಳಬಾರದು.

ಎಗ್ ರೈಸ್ ಗಾಡಿಯವರ ಹತ್ತಿರ ಮೊಟ್ಟೆ ಸಿಪ್ಪೆ ತಂದು, ತೊಳೆದು, ಒಣಗಿಸಿ, ಮಿಕ್ಸಿಗೆ ಹಾಕಿದ್ದಂತೆ. ಟೊಮೇಟೊ ಗಿಡಕ್ಕೆ. ನನಗೆ ಕಣ್ಣು ಕತ್ತಲೆ ಬಂತು. ಪಾವಗಡದವಳು ನೀರಿನ ಚೊಂಬು ತಂದುಕೊಟ್ಟು ಬೆನ್ನು ಸವರಿದಳು. "ಅವ್ವಾ, ಪುಡಿ ಎಷ್ಟು ಬೇಕಾದ್ರೂ ತಗೋ. ದೇವುಡಿ ಮುಂದೆ ಮಾತ್ರ ಆಮ್ಲೆಟ್ ಹಾಕಬ್ಯಾಡ."

೪. ಡ್ರಮ್ಮಿನ ತೀರ್ಥ

ಹುಳದ ಮನೆ ಪಕ್ಕ ಒಂದು ನೀಲಿ ಡ್ರಮ್ಮು ಇಟ್ಟರು. ಅಂಗಡೀಲಿ ಹುಳ ಹಿಡಿದ ಬೆಲ್ಲ, ಮಿಲ್ಲಿನಲ್ಲಿ ಗುಡಿಸಿದ ಕಡ್ಲೆಹಿಟ್ಟು, ಇನ್ನೂ ಏನೇನೋ ಹಾಕಿ ದಿನಾ ಎರಡು ಸಲ ಕೋಲಲ್ಲಿ ತಿರುಗಿಸೋದು, ಮೇಲೆ ಗೋಣಿ ಮುಚ್ಚೋದು. ಗೋಡೆ ಮೇಲಿಂದ ನಾನು ಇಣುಕಿದರೆ ಗುಳು ಗುಳು ಅಂತ ನೊರೆ. ಬೆಲ್ಲ, ನೊರೆ, ಗೋಣಿ ಮುಚ್ಚಿಗೆ. ನಾನೇನು ಪ್ರಪಂಚ ನೋಡಿಲ್ವಾ? ನಮ್ಮಪ್ಪನ ಕಾಲದಲ್ಲಿ ಹೊಂಗೆ ತೋಪಿನಲ್ಲಿ ಕಳ್ಳಭಟ್ಟಿಗೆ ಇದೇ ಹೂಡ್ತಿದ್ದರು.

ನಾನು ಯಾರಿಗೂ ಹೇಳಲಿಲ್ಲ. ಬೀದಿ ಕೊನೇ ಮನೇಲಿ ಗೋಡೆಗೆ ಸುಣ್ಣಬಣ್ಣ ಹೊಡೆಯೋನೊಬ್ಬ ಇದ್ದಾನೆ, ಕೂಲಿ ಬಂದರೆ ಕಾಲು ನೆಲಕ್ಕೆ ನಿಲ್ಲೋದಿಲ್ಲ ಅವನದು. ಅವನು ಮಾತ್ರ ನಮ್ಮ ಜಗಲಿ ಮುಂದೆ ಹೋಗ್ತಾ ಇದ್ದ. "ಇನ್ಮೇಲೆ ಅಷ್ಟು ದೂರ ಯಾಕಪ್ಪಾ ಹೋಗ್ತೀಯಾ, ಪಕ್ಕದಲ್ಲೇ ಬೆಲ್ಲದ್ದು ತಯಾರಾಗ್ತಾ ಐತೆ" ಅಂದೆ. ಅಷ್ಟೇ ಅಂದಿದ್ದು.

ಮಧ್ಯಾಹ್ನ ಊಟದ ಹೊತ್ತು ನೋಡಿಕೊಂಡು ಹಿತ್ತಲ ಕಡೆಯಿಂದ ಬಂದ. ತನ್ನ ಲೋಟ ತಾನೇ ತಂದಿದ್ದ. ಗೋಣಿ ಸರಿಸಿ, ಮೊಗೆದು, ಕಣ್ಣು ಮುಚ್ಚಿ ಗಟಗಟ ಒಂದು ಲೋಟ ಇಳಿಸಿದ. ಎರಡನೇದು ಮೊಗೆಯೋಕೆ ಬಗ್ಗಿದವನು ಬಗ್ಗಿದ ಹಾಗೇ ನಿಂತ. ಮುಖದ ಬಣ್ಣ ಹಸಿರಾಯ್ತು, ಆಮೇಲೆ ಬಿಳೀ ಆಯ್ತು. ಅವನು ಹೊಡೆಯೋ ಡಿಸ್ಟೆಂಪರಿನಲ್ಲೂ ಅಷ್ಟು ಬಣ್ಣ ನೋಡಿಲ್ಲ ನಾನು. ಪಾವಗಡದವಳು ಊಟದ ತಟ್ಟೆ ಬಿಟ್ಟು ಓಡಿ ಬಂದಳು.

"ಅಯ್ಯೋ ಅಣ್ಣಾ! ಅದಿ ಮೊಕ್ಕಲಕಿ! ಗಿಡಕ್ಕೆ ಹಾಕೋದು! ಅದರಲ್ಲಿ ಬೆಲ್ಲ ಒಂದು ಉಂಡೆ, ಮಿಕ್ಕಿದ್ದೆಲ್ಲ ಸಗಣಿ, ಗಂಜಲ!"

ಎರಡು ದಿವಸ ಹೊರಗೆ ಕಾಣಲಿಲ್ಲ ಅವನು. ಮೂರನೇ ದಿವಸ ಅವನ ಹೆಂಡತಿ ಸೆರಗು ಕಟ್ಟಿಕೊಂಡು ಪಕ್ಕದ ಮನೆ ಕಡೆ ಬಂದಳು. ಜಗಳಕ್ಕೆ ಬಂದಳು ಅಂತ ನಾನು ಎಲೆ ಅಡಿಕೆ ತಟ್ಟೆ ಹಿಡ್ಕೊಂಡು ಗೋಡೆ ಹತ್ತಿರ ಹೋಗಿ ನಿಂತೆ. ಅವಳ ಕೈಲಿ ಚೊಂಬು.

"ಅಮ್ಮಣ್ಣಿ, ಮೂರು ದಿವಸದಿಂದ ಕುಡಿಯೋ ಮಾತೇ ಎತ್ತಿಲ್ಲ ಕಣವ್ವಾ. ನಿನ್ನ ಹೊಟ್ಟೆ ತಣ್ಣಗಿರಲಿ. ವಾರಕ್ಕೊಂದು ಲೋಟ ಕೊಡ್ತೀಯಾ?"

೫. ಮೇಷ್ಟ್ರ ಪಟ್ಟಾಪಟ್ಟಿ

ಇದು ಸಣ್ಣದು, ಬೇಗ ಹೇಳಿಬಿಡ್ತೀನಿ. ಇದನ್ನಂತೂ ನೀವು ಯಾರಿಗೂ ಹೇಳಲೇಬಾರದು, ಆ ಮೇಷ್ಟ್ರು ದೊಡ್ಡ ಮನುಷ್ಯರು.

ಹಳೇ ಬಟ್ಟೆ ಕೊಡಿ ಅಂತ ಮನೆ ಮನೆಗೂ ಬಂದಿದ್ದರು. ಪಕ್ಕದವಳು ರಾತ್ರಿ ಹಗಲು ಕೂತು ಅದರಲ್ಲಿ ಗಿಡದ ಚೀಲ ಹೊಲಿದುಕೊಟ್ಟಳು. ಸಂತೇಲಿ ಮಾರೋಕೆ ಇಟ್ಟರು. ತೋವಿನಕೆರೆಯಿಂದ, ಅಲ್ಲಿಂದ ಇಲ್ಲಿಂದ ಬಂದ ಜನ ನಿಂತು ನೋಡೋರು. ಸಿದ್ದರಬೆಟ್ಟದ ದಾರೀಲಿ ಆರಿಸಿ ತಂದ ತೆಂಗಿನ ಚಿಪ್ಪಿನಲ್ಲಿ ಸಣ್ಣ ಸಣ್ಣ ಕುಂಡ, ಪಕ್ಕದಲ್ಲಿ ತೂಗುಹಾಕಿದ ಬಟ್ಟೆ ಚೀಲ, ಚೀಲದ ತುಂಬ ಟೊಮೇಟೊ ಗಿಡ. ಚೆನ್ನಾಗಿತ್ತು, ಇಲ್ಲ ಅನ್ನಲ್ಲ.

ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಹೆಂಡತಿ ಜೊತೆ ಬಂದರು. ಒಂದು ಚೀಲದ ಮುಂದೆ ಬಂದವರು ಮುಂದಕ್ಕೆ ಹೋಗಲೇ ಇಲ್ಲ. ನೀಲಿ ಗೆರೆ, ಬಿಳಿ ಗೆರೆ, ಕೆಳಗೆ ಎರಡು ಕಾಲು ಸೇರಿಸಿ ಹೊಲಿದಿದ್ದಾರೆ, ಮೇಲೆ ಲಾಡಿ ಸಮೇತ ತೂಗುಹಾಕಿದ್ದಾರೆ. ಮೇಷ್ಟ್ರ ಪಟ್ಟಾಪಟ್ಟಿ ಚಡ್ಡಿ! ತುಂಬ ಟೊಮೇಟೊ ಗೊಂಚಲು, ಒಂದೊಂದೂ ಕೆಂಪಗೆ. ಮೇಷ್ಟ್ರು ಛತ್ರಿ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು, ಮಳೆ ಇರಲಿಲ್ಲ. ಹೆಂಡತಿ ಮಾತ್ರ ಹತ್ತಿರ ಹೋಗಿ ಗೊಂಚಲು ಎತ್ತಿ ನೋಡಿದರು. ನೋಡಿ ನನ್ನ ಕಿವೀಲಿ ಹೇಳಿದರು:

"ಮೂವತ್ತು ವರ್ಷ ಕೈಯಾರೆ ಒಗೆದಿದ್ದೀನಿ ಕಣ್ರೀ. ಅದರಲ್ಲಿ ಇಂಥ ಫಸಲು ಒಂದು ದಿನಾನೂ ಕಂಡಿದ್ದಿಲ್ಲ."

೬. ನನ್ನ ಹಲ್ಲು

ಇಷ್ಟು ಹೊತ್ತೂ ಸುತ್ತಿ ಬಳಸಿ ಹೇಳಿದ್ದು ಈ ವಿಷಯಕ್ಕೇ. ಇದಕ್ಕೆ ಸ್ವಲ್ಪ ಹಿಂದಕ್ಕೆ, ಸಂಕ್ರಾಂತಿಗೆ ಹೋಗಬೇಕು.

ನನ್ನ ಮೇಲಿನ ಹಲ್ಲು ಕಟ್ಟಿಸಿದ್ದು. ಮಗ ತುಮಕೂರಿಗೆ ಕರ್ಕೊಂಡು ಹೋಗಿ ಹಾಕಿಸಿದ ಸೆಟ್ಟು. ಎಲೆ ಅಡಿಕೆ ಹಾಕಿ ಹಾಕಿ ಕೆಂಪಗಾಗಿದ್ದು ಬಿಟ್ಟರೆ ರಾಣಿಯಂಥ ಹಲ್ಲು. ಸಂಕ್ರಾಂತಿ ಆದ ಮಾರನೇ ದಿವಸ ಅದು ಕಾಣೆ! ತಲೆದಿಂಬಿನ ಕೆಳಗಿಲ್ಲ, ಲೋಟದಲ್ಲಿಲ್ಲ, ದೇವರ ಮನೇಲಿಲ್ಲ. ಹಲ್ಲಿಲ್ಲದೆ ಸುದ್ದಿ ಹೇಳೋದು ಅಂದರೆ ಉಪ್ಪಿಲ್ಲದ ಸಾರು ಬಡಿಸಿದ ಹಾಗೆ. ಅರ್ಧ ಮಾತು ಗಾಳೀಲೇ ಹೋಗುತ್ತೆ.

ಯೋಚನೆ ಮಾಡಿದೆ. ಕೂದಲು ತಂದರು. ನಿಂಬೆಹಣ್ಣು ತಂದರು. ಕುಂಬಳಕಾಯಿ, ಮೊಟ್ಟೆ ತಂದರು. ಇನ್ನು ಮಾಟಕ್ಕೆ ಬೇಕಾಗಿರೋದು ಏನು? ಹಲ್ಲು! ಅದೂ ಮುದುಕಿ ಹಲ್ಲು ಶ್ರೇಷ್ಠ ಅಂತಾರೆ. ಯಾರಂತಾರೆ ಅಂತ ಕೇಳಬೇಡಿ. ನಲ್ಲಿ ಹತ್ತಿರ ಈ ಅನುಮಾನ ಇಟ್ಟೆ. ಅವತ್ತಿಂದ ಬೀದಿ ಹೆಂಗಸರು ತಮ್ಮ ಮಕ್ಕಳ ಬಿದ್ದ ಹಾಲುಹಲ್ಲು ಸುದ್ದಾ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆ ಹುಡುಗಿ ನಲ್ಲಿಗೆ ಬಂದರೆ ಕೊಡ ಎತ್ಕೊಂಡು ಜರುಗೋರು. ಅವಳು ತನ್ನ ಪಾಡಿಗೆ ನೀರು ಹಿಡ್ಕೊಂಡು, ಹೋಗುವಾಗ ನನಗೆ, "ಅಜ್ಜಿ, ಗಂಜಿ ಮಾಡ್ಕೊಂಡು ಕುಡೀರಿ, ಹಲ್ಲಿಲ್ಲದೆ ಊಟ ಬಿಡಬೇಡಿ" ಅಂತ ಹೇಳಿ ಹೋಗೋಳು. ನೋಡಿದಿರಾ ಎಂಥ ಚಾಲಾಕಿ ಅಂತ ನಾನು ಅಂದೆ.

ಯುಗಾದಿಗೆ ಇನ್ನೊಂದು ವಾರ ಇತ್ತು. ಒಂದೇ ಒಂದು ದೂರು ಹೋಗಿದ್ದರೂ ಹುಳದ ಮನೆಗೆ ಬೀಗ ಬೀಳ್ತಿತ್ತು, ಅಲ್ಲಿವರೆಗೂ ಒಂದೂ ಹೋಗಿರಲಿಲ್ಲ. ಆ ವಾರ ಒಂದು ಹೋಯ್ತು. ಯಾರು ಹೇಳಿದ್ದು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಹತ್ತಿರ ಬನ್ನಿ, ನಿಮಗೆ ಮಾತ್ರ ಹೇಳ್ತೀನಿ. ನಾನೇ.

ಹಾಲು ಹಾಕೋನ ಫೋನಿನಲ್ಲಿ ಮಾಡಿಸಿದೆ. ಹಲ್ಲಿಲ್ಲದ್ದಕ್ಕೆ ದನಿ ಹೆಂಗೂ ಬದಲಾಗಿತ್ತು, ಗುರುತು ಸಿಗಲ್ಲ ಅಂತ ಧೈರ್ಯ.

"ನಾತ ತಡೆಯೋಕಾಗ್ತಿಲ್ಲ ಸ್ವಾಮಿ. ಬೀದೀಲಿ ಉಸಿರಾಡಂಗಿಲ್ಲ" ಅಂದೆ.

"ಯಾರಮ್ಮಾ ಮಾತಾಡ್ತಿರೋದು?" ಅಂದ ಆ ದೊಡ್ಡಪ್ಪ.

"ಬೀದಿಯೋರು."

"ಬೀದಿಯೋರು ಅಂದ್ರೆ ಯಾರು?"

"ಪಕ್ಕದ ಮನೆ ಅಜ್ಜಿ ಅಲ್ಲ. ಬೇರೆಯೋರು" ಅಂತ ಹೇಳಿ ಇಟ್ಟುಬಿಟ್ಟೆ. ಹೆಂಗೆ ನನ್ನ ಉಪಾಯ?

ಯುಗಾದಿ ಮಾರನೇ ದಿವಸ ಹೊಸತೊಡಕು. ಊರಿಗೆ ಊರೇ ಮಟನ್ ಸಾರಿನ ಘಮ. ಮೊದಲೇ ಫೋನ್ ಮಾಡಿ ಹೇಳಿದ್ದ ಹಾಗೆ ಅವತ್ತೇ ಬಂದ ದೊಡ್ಡಪ್ಪ, ಕೈಲಿ ಹೊಸ ಬೀಗ. ಬೀದಿಯವರೆಲ್ಲ ಉಂಡ ಕೈ ತೊಳೆದು ಬಂದು ಹಿತ್ತಲಲ್ಲಿ ಸೇರಿದರು. ನಾನು ಮುಂದಿನ ಸಾಲು. ಹುಡುಗಿ ಹುಳದ ಮನೆ ಮೆಟ್ಟಿಲ ಮೇಲೆ ಬೀಗದ ಕೈ ಹಿಡ್ಕೊಂಡು ಕೂತಿದ್ದಳು. ಅಳ್ತಿರಲಿಲ್ಲ, ಅತ್ತು ಮುಗಿಸಿದ್ದಳು. ಪಾವಗಡದವಳು ಅವಳ ಭುಜ ಹಿಡಿದಿದ್ದಳು. ಅವಳ ಮುಖ ನೋಡಿ ನಾನು ಮುಂದಿನ ಸಾಲಿಂದ ಎರಡು ಹೆಜ್ಜೆ ಹಿಂದಕ್ಕೆ ಜರುಗಿದೆ. ಬಿಸಿಲಿಗೆ ಅಂದುಕೊಳ್ಳಿ.

"ನಾತ ಎಲ್ಲೈತೆ ತೋರಿಸ್ರಪ್ಪಾ" ಅಂದ ದೊಡ್ಡಪ್ಪ. ಗುಂಡಿ ಹತ್ತಿರ ಹೋದ, ಬಗ್ಗಿ ಮೂಸಿದ. ಒಂದು ಹಿಡಿ ತಗೊಂಡು ಮೂಗಿನ ಹತ್ತಿರ ಹಿಡಿದ. ಕಣ್ಣು ಮುಚ್ಚಿದ. "ಮೊದಲ ಮಳೆ ಬಿದ್ದ ಹೊಲದಂಗೈತಲ್ಲಾ ಇದು" ಅಂದ. ಡ್ರಮ್ಮು ನೋಡಿದ, ಗೋಣಿ ಮುಚ್ಚಿತ್ತು. ಹುಳದ ಮನೆ ಒಳಗೆ ಹೋದ, ಅಲ್ಲಿ ಕಡ್ಲೆಕಾಯಿ ಸಿಪ್ಪೆ, ಚಿಪ್ಪು, ಚೀಲ, ಎಲ್ಲಾ ಗುಡಿಸಿ ಜೋಡಿಸಿದ್ದು. ಹಂಗೇ ಗೋಡೆ ಕಡೆ ಬಂದ, ಸರಕ್ಕನೆ ಪಂಚೆ ಮೂಗಿಗೆ ಹಿಡಿದ. ಗೋಡೆ ಬುಡದಲ್ಲಿ ಒಂದು ಪೇಪರಿನ ಗಂಟು, ನೊಣ ಮುಕುರಿಕೊಂಡು.

"ಇದೇನಮ್ಮಾ? ನಾತ ಇಲ್ಲೈತೆ!"

ಹುಡುಗಿ ಒಂದು ಸಲ ನನ್ನ ಕಡೆ ನೋಡಿದಳು. ನಾನು ಬೆಟ್ಟದ ಕಡೆ ನೋಡಿದೆ.

"ಅದು ದಿನಾ ಬೀಳುತ್ತೆ ದೊಡ್ಡಪ್ಪ. ಮೇಲಿಂದ" ಅಂದಳು.

"ಮೇಲಿಂದ ಅಂದ್ರೆ? ಆಕಾಶದಿಂದ್ಲಾ?"

"ಹೂಂ ಅನ್ನಿ. ಬಿದ್ದ ತಕ್ಷಣ ನಾವು ಬಿಚ್ಚಿ, ಕೊಳೆಯೋದನ್ನ ಗುಂಡಿಗೆ ಹಾಕ್ತೀವಿ. ಇವತ್ತು ಬೀಗ ಬೀಳುತ್ತೆ ಅಂತ ಯಾರೂ ಎತ್ತಿಲ್ಲ."

ನನ್ನ ಹೆಸರು ಹೇಳಲಿಲ್ಲ ನೋಡಿ ಆ ಹುಡುಗಿ. ಅದೇ ನಾನಾಗಿದ್ದರೆ ಮನೆ ನಂಬರ್ ಸಮೇತ ಹೇಳ್ತಿದ್ದೆ.

ಆಗ ಶಿರಾ ಹುಡುಗನಿಗೆ ಏನನ್ನಿಸಿತೋ, "ಸಾಬ್, ಬೀಗ ಹಾಕೋ ಮುಂಚೆ ಮಾಲು ನೋಡಿ ಒಂದ್ಸಲ. ದೀಪಾವಳಿಯಿಂದ ತುಂಬಿಸಿ ಸಂಕ್ರಾಂತಿಗೆ ಮುಚ್ಚಿದ ಗುಂಡಿ ಇದು, ಇವತ್ತಿಗೆ ಹದವಾಗೈತೆ" ಅಂತ ದೊಡ್ಡ ಜರಡಿ ತಂದು, ಎರಡು ಮಂಕರಿ ಗೊಬ್ಬರ ಸುರಿದು, ಎಲ್ಲರ ಮುಂದೆ ಸಾಣಿಸೋಕೆ ಶುರು ಮಾಡಿದ. ಕಾಫಿಪುಡಿ ಉದುರಿದ ಹಾಗೆ ಕೆಳಗೆ ಕಪ್ಪಗೆ ಉದುರುತ್ತಾ ಇದೆ. ದೊಡ್ಡಪ್ಪ ತಲೆದೂಗ್ತಾ ಇದ್ದಾನೆ. ಅಷ್ಟರಲ್ಲಿ ಜರಡಿ ಮೇಲೆ ಕಟ ಕಟ, ಕಟ ಕಟ ಅಂತ ಶಬ್ದ.

ಕಲ್ಲಿರಬೇಕು ಅಂತ ಹುಡುಗ ನಿಲ್ಲಿಸಿದ. ಎಲ್ಲರೂ ಬಗ್ಗಿದರು. ಜರಡಿ ಮಧ್ಯೆ, ಕೆಂಪು ಬಣ್ಣದ ಒಂದು ಸಾಲು ಹಲ್ಲು, ಊರಿನವರಿಗೆಲ್ಲ ನಗೆ ತೋರಿಸ್ತಾ ಕೂತಿತ್ತು.

ಒಬ್ಬೊಬ್ಬರೇ ತಲೆ ಎತ್ತಿ ನನ್ನ ಬಾಯಿ ನೋಡಿದರು. ಆವಾಗ ನನಗೆ ಎಲ್ಲಾ ನೆನಪಿಗೆ ಬಂತು. ಸಂಕ್ರಾಂತಿ ದಿವಸ ಪೇಪರ್ ಹಾಸಿಕೊಂಡು ಅವರೆಕಾಯಿ ಸುಲೀತಾ ಕೂತಿದ್ದು, ಎಳ್ಳು ಬೆಲ್ಲ ಹಲ್ಲಿಗೆ ಅಂಟಿಕೊಂಡಿದ್ದು, ಸೆಟ್ಟು ತೆಗೆದು ಪಕ್ಕಕ್ಕಿಟ್ಟಿದ್ದು, ಪಕ್ಕಕ್ಕೆ ಅಂದರೆ ಸಿಪ್ಪೆ ಮೇಲೆ. ಆಮೇಲೆ ಗಂಟು ಕಟ್ಟಿ, ಎಂದಿನ ಹಾಗೆ, ಗೋಡೆ ಆಚೆ. ಸಿಪ್ಪೆ ರಾಶಿ ಮಧ್ಯೆ ಆ ಹುಡುಗರ ಕಣ್ಣಿಗೂ ಬಿದ್ದಿಲ್ಲ.

ನನ್ನ ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿದೆ. ಬೇರೆ ದಾರಿ ಇರಲಿಲ್ಲ.

ದೊಡ್ಡಪ್ಪ ಗೋಡೆ ನೋಡಿದ, ಗಂಟು ನೋಡಿದ, ನನ್ನ ನೋಡಿದ. "ಪಕ್ಕದ ಮನೆ ಅಜ್ಜಿ ಅಲ್ಲ, ಬೇರೆಯೋರು!" ಅಂತ ನನ್ನ ದನೀಲೇ ಅಂದವನು ನಗೋಕೆ ಶುರು ಮಾಡಿದ. ನಕ್ಕು ನಕ್ಕು ಗುಂಡಿ ಕಟ್ಟೆ ಮೇಲೆ ಕೂತುಬಿಟ್ಟ. ಬೀದಿಯವರೆಲ್ಲ ನಕ್ಕರು. ಮೇಷ್ಟ್ರ ಹೆಂಡತಿಯಂತೂ ಗೋಡೆ ಹಿಡ್ಕೊಂಡು ನಕ್ಕರು, ಆಯಮ್ಮನ ಗುಟ್ಟು ಇಷ್ಟು ದಿನ ಕಾಪಾಡಿದ್ದೆ ನಾನು! ಕೊನೆಗೆ ದೊಡ್ಡಪ್ಪ ಕಣ್ಣು ಒರೆಸಿಕೊಂಡು ಹೊಸ ಬೀಗ ಹುಡುಗಿ ಕೈಗೇ ಕೊಟ್ಟ.

"ತಗೋ ಮಗಳೇ. ಒಳಗೆ ಇಷ್ಟು ಮಾಲು ಐತೆ, ರಾತ್ರಿ ಹೊತ್ತು ನೀನೇ ಬೀಗ ಹಾಕ್ಕೊ. ಹುಳದ ಮನೆ ನಿಂದೇ. ನನ್ನ ದಾಳಿಂಬೆ ಗಿಡಕ್ಕೆ ಹತ್ತು ಮೂಟೆ ಈ ಗೊಬ್ಬರ ಎತ್ತಿಡು, ಹಲ್ಲು ಬಿಟ್ಟು."

ನಾನು ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ಮನೆ ಸೇರಿದೆ. ಬಾಗಿಲು ಮುಂದಕ್ಕೆ ಹಾಕ್ಕೊಂಡೆ. ಅರ್ಧ ಗಂಟೆಗೆ ಬಾಗಿಲು ಬಡಿದ ಸದ್ದು. ಪಕ್ಕದವಳು ನಿಂತಿದ್ದಳು, ಆ ಹುಡುಗಿಯ ತಾಯಿ. ಇಷ್ಟು ವರ್ಷದಲ್ಲಿ ಒಂದು ದಿನ ನನಗೆ ಎದುರು ಮಾತಾಡಿದವಳಲ್ಲ. ಕೈಲಿ ಮಗಳು ಮಾಡಿದ ತೆಂಗಿನ ಚಿಪ್ಪಿನ ಕುಂಡ. ಅದರಲ್ಲಿ ಬಿಸಿನೀರಲ್ಲಿ ತೊಳೆದು, ಹುಣಸೆಹಣ್ಣು ಹಾಕಿ ಉಜ್ಜಿ, ಫಳಫಳ ಮಾಡಿದ ನನ್ನ ಹಲ್ಲು. ನನ್ನ ಕೈಗಿಟ್ಟಳು. ನನ್ನ ಮುಖಾನೇ ನೋಡ್ತಾ ಹೇಳಿದಳು:

"ದೊಡ್ಡಮ್ಮ, ಆ ಗುಂಡೀಲಿ ನಿಮ್ಮ ಅವರೆ ಸಿಪ್ಪೆ ಕೊಳೀತು, ಕಬ್ಬಿನ ಸಿಪ್ಪೆ ಕೊಳೀತು, ಅಂಗಡಿಯೋನ ದಿಷ್ಟಿ ಕೊಳೀತು, ಊರೋರ ತಲೆಕೂದ್ಲೂ ಕೊಳೀತು. ಸಂಕ್ರಾಂತಿಯಿಂದ ಯುಗಾದಿ ಗಂಟ ಹೂತಾಕಿದ್ರೂ ಕೊಳೀದೇ ಹಂಗೇ ಉಳ್ಕೊಂಡಿದ್ದು ನಿಮ್ಮ ಬಾಯೊಂದೇ ಕಣಮ್ಮ."